ಹೊಟ್ಟೆ ಊದಿದ್ರೆ ಬರೀ ಗ್ಯಾಸ್ ಅಲ್ಲ: ಲಿವರ್ ಕಾಯಿಲೆಗೆ ತಡ ಆಗ್ತಿರೋದೆಲ್ಲಿ?

ತಾವರೆಕೆರೆ: ಕಾಮಾಲೆ ಬಂದ್ರೆ ನಾಟಿ ಔಷಧಿ, ಹೊಟ್ಟೆ ಊದಿದ್ರೆ ಮೆಡಿಕಲ್ ಶಾಪ್‌ನ ಗ್ಯಾಸ್ ಮಾತ್ರೆ. ಲಿವರ್ ಕಾಯಿಲೆಗೆ ಹಳ್ಳಿ ಕಡೆ ಚಿಕಿತ್ಸೆ ಶುರುವಾಗೋದೇ ಹೀಗೆ.

ಇದಕ್ಕೆ ಕಾರಣವೂ ಇದೆ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಕಾಮಾಲೆ ಬಹುತೇಕರಿಗೆ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತೆ. ಹೆಸರು ಮಾತ್ರ ಸೊಪ್ಪಿಗೆ! ರಕ್ತದಿಂದ ಹರಡುವ ಬಿ, ಸಿ ಹಾಗಲ್ಲ. ಸದ್ದಿಲ್ಲದೆ ವರ್ಷಗಟ್ಟಲೆ ಲಿವರ್ ಹಾಳು ಮಾಡುತ್ತವೆ. ಕುಡಿತವೂ ಅಷ್ಟೇ. ಕುಡಿಯದಿದ್ರೂ, ದಿನವಿಡೀ ಗಲ್ಲಾದಲ್ಲೇ ಕೂರುವ, ಶುಗರ್ ಇರುವ ಅಂಗಡಿಯವರಿಗೆ ಲಿವರ್‌ನಲ್ಲಿ ಕೊಬ್ಬು ತುಂಬಿ ಇದೇ ಸ್ಥಿತಿ ಬರಬಹುದು.

ಆಮೇಲೆ ಕಾಯಿಲೆ ಲಿವರ್‌ನಲ್ಲೇ ನಿಲ್ಲಲ್ಲ. ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಕಪ್ಪು ಮಲ, ಹಗಲು ನಿದ್ದೆ ರಾತ್ರಿ ಎಚ್ಚರ, ಮಾತಿನಲ್ಲಿ ಗೊಂದಲ. ಇದನ್ನ ಗಾಳಿ ಸೋಕಿದ್ದು ಅಂದುಕೊಳ್ಳೋರೂ ಉಂಟು. ಇಂಥವರು ಮೈಕೈ ನೋವಿಗೆ ಸಿಕ್ಕಿದ ಮಾತ್ರೆ ನುಂಗಿದ್ರೆ ಕಿಡ್ನಿಗೂ ಪೆಟ್ಟು.

ಬಿ, ಸಿಗೆ 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ತಪಾಸಣೆ, ಔಷಧಿ ಉಚಿತ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್‌ನಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ. ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿ ಗ್ಯಾಸ್ಟ್ರೋ ಮತ್ತು ಅಂಗಾಂಗ ಕಸಿಗೆ ಸರ್ಕಾರದ್ದೇ ಸಂಸ್ಥೆ ಇದೆ. ಎಡವಟ್ಟಾಗೋದು ನಡುವೆ: ತುರ್ತು ಬಿಟ್ಟರೆ ದೊಡ್ಡ ಕಾಯಿಲೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿ ಇಲ್ಲದೆ ನೇರ ಖಾಸಗಿಗೆ ಹೋದವರು ಕಾರ್ಡ್ ಜೇಬಲ್ಲಿದ್ರೂ ಕೈಯಿಂದಲೇ ಬಿಲ್ ಕಟ್ಟಬೇಕಾಗುತ್ತೆ. ಹೈವೇ ಹತ್ತುವ ಮುಂಚೆ ಶಿರಾ ತಾಲೂಕು ಆಸ್ಪತ್ರೆಗೆ ಹೋಗೋದು ಇದಕ್ಕೇ.