ಅಂಗಿ ಕೊಳ್ಳುವ ಮುನ್ನ ಲೆಕ್ಕ ಕೇಳಿ

ಸ್ತನ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲೆಂದು ಗುಲಾಬಿ ಅಂಗಿ ತೊಟ್ಟು ನಡೆಯುವವರನ್ನು ನೀವು ನೋಡಿರಬಹುದು. ಈ ಪರಿಪಾಠ ಬೆಳೆದದ್ದು ಅಮೆರಿಕದಲ್ಲಿ. ಸೂಸನ್ ಕೋಮೆನ್ ಎಂಬಾಕೆ 1980ರಲ್ಲಿ, 36ನೆಯ ವಯಸ್ಸಿಗೇ ಈ ರೋಗದಿಂದ ತೀರಿಕೊಂಡರು. ಅಕ್ಕನಿಗೆ ಕೊಟ್ಟ ಮಾತಿನಂತೆ ತಂಗಿ ನ್ಯಾನ್ಸಿ ಬ್ರಿಂಕರ್ ಸಂಸ್ಥೆ ಕಟ್ಟಿ, 1983ರಲ್ಲಿ ಡಲ್ಲಾಸ್ ನಗರದಲ್ಲಿ ಮೊದಲ ಓಟ ಏರ್ಪಡಿಸಿದರು. ಮರುವರ್ಷ ಅವರಿಗೂ ಇದೇ ರೋಗ ಬಂತು. ಚಿಕಿತ್ಸೆ ಪಡೆದು ಗುಣವಾದರು.

ಇಂಥ ನಡಿಗೆಗಳಲ್ಲಿ ಗುಣಮುಖರಾದವರೂ ಹೆಜ್ಜೆ ಹಾಕುತ್ತಾರೆ. ನನ್ನ ದೃಷ್ಟಿಯಲ್ಲಿ ಇದರ ಬೆಲೆ ದೊಡ್ಡದು. ನಮ್ಮ ಮನೆಗಳಲ್ಲಿ ಎದೆಯಲ್ಲಿ ಗಂಟು ಕೈಗೆ ಸಿಕ್ಕರೂ ಹೆಂಗಸರು ನಾಚಿಕೆಯಿಂದ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ‘ನೋವಿಲ್ಲವಲ್ಲ’ ಎಂಬ ಸಮಾಧಾನ ಬೇರೆ! ಈ ಗಂಟು ಮೊದಮೊದಲು ನೋಯದಿರುವುದೇ ಹೆಚ್ಚು. ಚಿಕಿತ್ಸೆ ಮುಗಿಸಿದ ನೆರೆಮನೆಯಾಕೆ ಬೀದಿಯಲ್ಲಿ ನಗುತ್ತಾ ನಡೆದು ಹೋದರೆ ಅಂಥವರಿಗೆ ವೈದ್ಯರ ಬಳಿ ಹೋಗುವ ಧೈರ್ಯ ಬಂದೀತು.

ಆದರೆ ಕೂಡಿದ ಹಣ ಎಲ್ಲಿಗೆ ಹೋಗುತ್ತದೆ? ವೇದಿಕೆಗೆ, ಅಂಗಿಗೆ, ಜಾಹೀರಾತಿಗೆ ಎಷ್ಟು, ಸಂಶೋಧನೆಗೆ ಎಷ್ಟು? ಯಾವ ಸಂಶೋಧನೆಗೆ?

ಇದನ್ನು ಕೇಳಲು ಕಾರಣವಿದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಲ್ಲು ಕೀಳುವಾಗ ಕೊಡುವ ಲಿಡೊಕೇನ್ ಎಂಬ ಅರಿವಳಿಕೆ ಮದ್ದನ್ನು ಶಸ್ತ್ರಚಿಕಿತ್ಸೆಗೆ ಕೆಲವೇ ನಿಮಿಷ ಮೊದಲು ಗಡ್ಡೆಯ ಸುತ್ತ ಚುಚ್ಚಿದರು. ಸುಮಾರು 1,600 ಮಹಿಳೆಯರನ್ನು ಎರಡು ಗುಂಪು ಮಾಡಿ ನೋಡಿದಾಗ, ಐದು ವರ್ಷದ ನಂತರ ಬದುಕಿದ್ದವರು ಚುಚ್ಚುಮದ್ದಿಲ್ಲದ ಗುಂಪಿನಲ್ಲಿ ನೂರಕ್ಕೆ 86, ಚುಚ್ಚುಮದ್ದು ಪಡೆದ ಗುಂಪಿನಲ್ಲಿ 90. ಲಿಡೊಕೇನ್ ಹಳೆಯ ಮದ್ದು, ಬಲು ಅಗ್ಗ. ಲಾಭವಿಲ್ಲದ ಇಂಥ ಪರೀಕ್ಷೆಗೆ ಯಾವ ಔಷಧಿ ಕಂಪನಿ ದುಡ್ಡು ಸುರಿದೀತು?

ಅದೇ ಆಸ್ಪತ್ರೆಯವರು ಮುಂಬೈನ ಒಂದೂವರೆ ಲಕ್ಷ ಮಹಿಳೆಯರನ್ನು ಇಪ್ಪತ್ತು ವರ್ಷ ಗಮನಿಸಿ, 2021ರಲ್ಲಿ ಇನ್ನೊಂದು ವರದಿ ಕೊಟ್ಟರು. ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರಿಗೈಯಿಂದ ಎದೆ ಪರೀಕ್ಷಿಸಿದರೂ ರೋಗ ಬೇಗ ಪತ್ತೆಯಾಗುತ್ತದೆ. ಐವತ್ತು ದಾಟಿದವರಲ್ಲಿ ಈ ರೋಗದ ಸಾವು ಸುಮಾರು ನೂರಕ್ಕೆ ಮೂವತ್ತರಷ್ಟು ಕಡಿಮೆಯಾಗಿತ್ತು. ಯಂತ್ರವಿಲ್ಲದ ಹಳ್ಳಿಗೆ ಬೇಕಾದದ್ದು ಇಂಥ ಸಂಶೋಧನೆಯೇ. ನಡಿಗೆಯ ಹಣ ಇತ್ತ ಬರಲಿ ಎಂಬುದು ನನ್ನ ವಾದ.

ಮುಂದಿನ ಬಾರಿ ಚಂದಾ ಕೇಳಿ ಬಂದವರನ್ನು ಹೋದ ವರ್ಷದ ಲೆಕ್ಕಪತ್ರ ಕೇಳಿ. ಕೊಟ್ಟರೆ ಮನೆಮಂದಿಯೆಲ್ಲ ಹೋಗಿ ನಡೆಯಿರಿ. ಕೊಡದಿದ್ದರೆ ಅಂಗಿಯೂ ಬೇಡ, ರಸೀತಿಯೂ ಬೇಡ. ಆ ಹಣವನ್ನು ಕ್ಯಾನ್ಸರ್ ಆಸ್ಪತ್ರೆಯೊಂದರ ಸಂಶೋಧನಾ ನಿಧಿಗೆ ನೇರವಾಗಿ ಕಳುಹಿಸಿ, ನಡಿಗೆಯನ್ನು ನಿಮ್ಮೂರ ಕೆರೆ ಏರಿಯ ಮೇಲೆ ಮಾಡಿ.