ವಿಯೆನ್ನಾಗೆ ಹಾಕಿದ ಬೀಗ ದಾದರಿಗೂ ಯಾಕೆ?

ದಾದರಿನಿಂದ ಟ್ರಾಂಬೆಗೆ ನೇರ ಗೆರೆ ಎಳೆದರೆ ಹತ್ತು ಕಿಲೋಮೀಟರ್ ಕೂಡ ಆಗುವುದಿಲ್ಲ. ಅಲ್ಲಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ 1985ರಿಂದ ಧ್ರುವ ಎಂಬ 100 ಮೆಗಾವ್ಯಾಟ್‌ನ ರಿಯಾಕ್ಟರ್ ಇದೆ. ನಮ್ಮ ಬಾಂಬುಗಳ ಪ್ಲುಟೋನಿಯಂನ ಮುಖ್ಯ ಮೂಲ ಅದೇ. ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಪಾಸಕರು ಅದರ ಹತ್ತಿರ ಸುಳಿಯುವಂತಿಲ್ಲ. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೆಮ್ಮೆಯ ಅರ್ಧಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಉಳಿದ ಅರ್ಧಕ್ಕೆ.

ಮೊದಲು ತಕರಾರಿಲ್ಲದ ಭಾಗ. 1967ಕ್ಕಿಂತ ಮುಂಚೆ ಬಾಂಬು ಸಿಡಿಸಿದವರು ದೊಡ್ಡವರು, ಆಮೇಲಿನವರು ಅಪರಾಧಿಗಳು ಎನ್ನುವ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಭಾರತ ಸಹಿ ಹಾಕದಿದ್ದುದು ಸರಿ. ಇರಾಕಿನಲ್ಲಿ ತಪಾಸಣೆಯ ಹೆಸರಿನಲ್ಲಿ ಏನೇನು ನಡೆಯಿತೆಂದು ಗೊತ್ತಿರುವ ಯಾರೂ ತಪಾಸಕರನ್ನು ದೇವದೂತರೆಂದು ತಿಳಿಯುವುದಿಲ್ಲ. ಹಾಗಂತ ನಮ್ಮ ಕೈ ಶುದ್ಧ ಎಂದೇನೂ ಅಲ್ಲ. 1956ರಲ್ಲಿ ಕೆನಡಾದಿಂದ ಸೈರಸ್ ರಿಯಾಕ್ಟರ್ ಪಡೆಯುವಾಗ ಶಾಂತಿಯುತ ಬಳಕೆಗೆ ಮಾತ್ರ ಎಂದು ಮಾತು ಕೊಟ್ಟೆವು. 1974ರ ಮೇ 18ರಂದು ಪೋಖ್ರಾನಿನಲ್ಲಿ ಸಿಡಿದದ್ದು ಅದೇ ಸೈರಸ್‌ನ ಪ್ಲುಟೋನಿಯಂ. ಆ ತಂಡದ ಮುಂದಾಳು ನಮ್ಮ ತುಮಕೂರಿನ ರಾಜಾ ರಾಮಣ್ಣ. ಅದನ್ನು ‘ಶಾಂತಿಯುತ ಸ್ಫೋಟ’ ಎಂದು ಕರೆದೆವು. 2005ರ ಸೆಪ್ಟೆಂಬರಿನಲ್ಲಿ ಇದೇ ನಾವು, ತಪಾಸಣೆಯ ನಿಯಮ ಮುರಿದಿದ್ದೀಯ ಎಂದು ಇರಾನಿನ ವಿರುದ್ಧ ಮತ ಹಾಕಿದೆವು. ಇರಲಿ, ರಾಜತಂತ್ರದಲ್ಲಿ ನಾಚಿಕೆಯ ಸ್ಥಾನ ಚಿಕ್ಕದು.

ತಪಾಸಕರು ಬಂದರೆ ಸಾರ್ವಭೌಮತ್ವ ಹೋಗುತ್ತದೆ ಎನ್ನುವವರು ದಾದರಿನಲ್ಲಿ ಡಹಾಣು ಲೋಕಲ್ ಹತ್ತಿ ಬೋಯಿಸರಿನಲ್ಲಿ ಇಳಿಯಲಿ. ಅಲ್ಲಿಗೆ ಹತ್ತಿರದ ತಾರಾಪುರದ ಮೊದಲೆರಡು ಘಟಕಗಳಿಗೆ ವಿಯೆನ್ನಾದವರು ದಶಕಗಳಿಂದ ಬಂದು ಹೋಗುತ್ತಿದ್ದಾರೆ. ಆಕಾಶ ಬಿದ್ದಿಲ್ಲ. ಅಮೆರಿಕದ ಜೊತೆಗಿನ ಒಪ್ಪಂದಕ್ಕಾಗಿ 22 ರಿಯಾಕ್ಟರ್‌ಗಳಲ್ಲಿ 14ನ್ನು ತಪಾಸಣೆಗೆ ಬಿಟ್ಟುಕೊಡಲು ಒಪ್ಪಿದಾಗಲೂ ಬೀಳಲಿಲ್ಲ. ಕೈಗಾದ ನಾಲ್ಕೂ ಘಟಕಗಳು ಆ ಪಟ್ಟಿಯ ಹೊರಗುಳಿದವು. ಮೈಸೂರಿನ ಹತ್ತಿರದ ರತ್ನಹಳ್ಳಿಯ ಯುರೇನಿಯಂ ಸ್ಥಾವರವೂ ಹೊರಗೇ.

ಈಗ ಉಳಿದ ಅರ್ಧ. ವಿದೇಶಿಯರಿಗೆ ಹಾಕಿದ ಬೀಗವನ್ನೇ ಸರ್ಕಾರ ನಮಗೂ ಹಾಕಿತು. ಅಣುಶಕ್ತಿ ನಗರದಲ್ಲೇ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕಚೇರಿ ಇದೆ, ಬಾರ್ಕ್‌ಗೆ ನೆರೆಮನೆ. 2000ದ ಜೂನಿನಲ್ಲಿ ಒಂದು ಆದೇಶ ಹೊರಟು ಬಾರ್ಕ್ ಈ ಮಂಡಳಿಯ ಕಣ್ಗಾವಲಿನಿಂದ ಹೊರಬಂತು. ಬಾರ್ಕ್‌ನ ಸುರಕ್ಷತೆಯನ್ನು ಬಾರ್ಕ್‌ನ ಆಂತರಿಕ ಸಮಿತಿಯೇ ನೋಡಿಕೊಳ್ಳಬೇಕಂತೆ. ಪರೀಕ್ಷೆ ಬರೆದವನೇ ಉತ್ತರಪತ್ರಿಕೆ ತಿದ್ದುವುದು ಇದಕ್ಕಿಂತ ಬೇರೆಯೇ? ಇಲ್ಲಿ ಹೊರದಬ್ಬಿಸಿಕೊಂಡವನು ಅಮೆರಿಕದವನಲ್ಲ, ನಮ್ಮ ತೆರಿಗೆಯಿಂದಲೇ ಸಂಬಳ ಪಡೆಯುವ ನಮ್ಮ ತಪಾಸಕ.

ಮೂರು ವರ್ಷವೂ ಕಳೆಯಲಿಲ್ಲ. 2003ರ ಜನವರಿಯಲ್ಲಿ ಕಲ್ಪಾಕ್ಕಂನಲ್ಲಿ, ಬಾರ್ಕ್‌ನದೇ ಮರುಸಂಸ್ಕರಣಾ ಘಟಕದಲ್ಲಿ, ಆರು ನೌಕರರು ಮಿತಿಮೀರಿದ ವಿಕಿರಣಕ್ಕೆ ಒಡ್ಡಿಕೊಂಡರು. ಬಾರ್ಕ್ ಅದನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು ತಿಂಗಳುಗಳ ನಂತರ, ಅದೂ ನೌಕರರ ಸಂಘ ಗಲಾಟೆ ಎಬ್ಬಿಸಿದ ಮೇಲೆ. ಹೋಲಿಕೆಗೆ ಕೈಗಾ ನೋಡಿ. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತು ಐವತ್ತಕ್ಕೂ ಹೆಚ್ಚು ಕಾರ್ಮಿಕರ ದೇಹ ಸೇರಿತು. ಅದು ಕೆಲವೇ ದಿನಗಳಲ್ಲಿ ದೇಶಕ್ಕೆ ಗೊತ್ತಾಯಿತು. ಕೈಗಾಕ್ಕೂ ವಿಯೆನ್ನಾದವರು ಬರುವುದಿಲ್ಲ, ಆದರೆ ನಮ್ಮ ಮಂಡಳಿ ಹೋಗುತ್ತದೆ. ವ್ಯತ್ಯಾಸ ಅಷ್ಟೇ, ಅದು ಸಣ್ಣದಲ್ಲ.

ಕೇಳಿದವರಿಲ್ಲವೇ? ಕೇಳಿದರು. ಎ. ಗೋಪಾಲಕೃಷ್ಣನ್ ಅಧ್ಯಕ್ಷರಾಗಿದ್ದಾಗ, 1995ರಲ್ಲಿ, ಮಂಡಳಿ ಪರಮಾಣು ಇಲಾಖೆಯ ಸ್ಥಾವರಗಳಲ್ಲಿನ ಸುಮಾರು 130 ಸುರಕ್ಷತಾ ಲೋಪಗಳನ್ನು ಪಟ್ಟಿ ಮಾಡಿತ್ತು. ಆ ವರದಿಯನ್ನು ಜನರ ಮುಂದಿಡಿ ಎಂದು ಪಿಯುಸಿಎಲ್ ಬಾಂಬೆ ಹೈಕೋರ್ಟಿಗೆ ಹೋಯಿತು. ಸರ್ಕಾರ ಆಗ ಜಾರಿಯಲ್ಲಿದ್ದ 1962ರ ಪರಮಾಣು ಶಕ್ತಿ ಕಾಯ್ದೆಯ 18ನೇ ಕಲಂ ತೋರಿಸಿ ಅದು ರಹಸ್ಯ ಎಂದಿತು. ಹೈಕೋರ್ಟ್ ಒಪ್ಪಿತು, 2004ರಲ್ಲಿ ಸುಪ್ರೀಂ ಕೋರ್ಟ್ ಕೂಡ. ಪೈಪಿನ ಬಿರುಕು ಬಾಂಬಿನ ವಿನ್ಯಾಸದಷ್ಟೇ ಪವಿತ್ರವಾಯಿತು. ಶತ್ರು ಓದಿಬಿಟ್ಟರೆ ಎಂಬ ಭಯವಂತೆ. ಆ ಬಿರುಕಿನ ಪಕ್ಕ ಕೆಲಸ ಮಾಡುವವನು ಓದಲಾಗದೆ ಹೋದದ್ದಕ್ಕೆ ಯಾರಿಗೂ ಭಯವಾಗಲಿಲ್ಲ.

ಗುಟ್ಟಿನ ಲಾಭ ಯಾರಿಗೆ ಎಂಬುದು ಈ ಊರಿಗೆ ಹೊಸ ಪಾಠವಲ್ಲ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿಯಿತು. ಒಳಗೆ ಹತ್ತಿ, ಎಣ್ಣೆ ಮತ್ತು ಸುಮಾರು 1,400 ಟನ್ ಸ್ಫೋಟಕ. ನೂರಾರು ಜನ ಸತ್ತರು. ಯುದ್ಧಕಾಲದ ಸೆನ್ಸಾರ್ ಕತ್ತರಿ ಹಿಡಿದು ಕೂತಿತ್ತು. ಹೊರಜಗತ್ತಿಗೆ ಸುದ್ದಿ ಮೊದಲು ತಿಳಿಸಿದ್ದು ಜಪಾನೀಯರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೋ. ಅಂದರೆ ಗುಟ್ಟು ಮುಚ್ಚಿಟ್ಟದ್ದು ಯಾರಿಂದಲೋ ಅವರಿಗೆ ಅದು ಮರುದಿನವೇ ಗೊತ್ತಿತ್ತು.

ಅಣ್ವಸ್ತ್ರ ಇರುವ ದೇಶಕ್ಕೆ ಬೇರೆ ದಾರಿಯೇ ಇಲ್ಲ ಎನ್ನುವ ವಾದವನ್ನು ದೆಹಲಿಯಲ್ಲಿ ಬಹಳ ಗಂಭೀರವಾಗಿ ಹೇಳುತ್ತಾರೆ. ಹಾಗಿದ್ದರೆ ಅಮೆರಿಕವನ್ನೇ ನೋಡೋಣ, ಬಾಂಬಿನ ವಿಷಯದಲ್ಲಿ ಅದು ಯಾರಿಗೂ ಉದಾರಿಯಲ್ಲ. ಅಲ್ಲಿನ ಸಂಸತ್ತು 1988ರಲ್ಲಿ, ಅಣ್ವಸ್ತ್ರ ಸ್ಥಾವರಗಳ ಸುರಕ್ಷತೆಯನ್ನು ನೋಡಲೆಂದೇ, ಇಂಧನ ಇಲಾಖೆಯ ಹಿಡಿತಕ್ಕೆ ಸಿಗದ ಒಂದು ಮಂಡಳಿಯನ್ನು ಕಟ್ಟಿತು. ಅದರ ಪ್ರತಿನಿಧಿಗಳು ಬಾಂಬಿನ ತವರುಮನೆ ಲಾಸ್ ಅಲಾಮೋಸ್‌ನೊಳಗೇ ಇರುತ್ತಾರೆ. ಯಾವ ಕೋಣೆಯಲ್ಲಿ ಯಾವ ಉಪಕರಣ ಕೆಟ್ಟಿತು, ಯಾರ ಕೈಗವಸು ಹರಿಯಿತು ಎಂದು ವಾರವಾರ ಬರೆಯುತ್ತಾರೆ. ಬಾಂಬಿನ ರಹಸ್ಯ ಬಿಟ್ಟು ಉಳಿದದ್ದನ್ನು ಯಾರು ಬೇಕಾದರೂ ಓದಬಹುದು, ಬೇಕಿದ್ದರೆ ದಾದರಿನಲ್ಲಿ ಕೂತು ನಾವೂ ಓದಬಹುದು.

ಹಾಗಾಗಿ ವಿಯೆನ್ನಾದವರನ್ನು ಟ್ರಾಂಬೆಗೆ ಕರೆಯಿರಿ ಎಂದು ನಾನು ಕೇಳುತ್ತಿಲ್ಲ. 2000ದ ಆದೇಶವನ್ನು ಹಿಂದಕ್ಕೆ ಪಡೆಯಿರಿ, ಬಾರ್ಕ್‌ನ ಸುರಕ್ಷತೆಯನ್ನು ಬಾರ್ಕ್‌ಗೆ ಸೇರದವರು ನೋಡಲಿ, ಅವರು ಬರೆದದ್ದು ಸಂಸತ್ತಿನ ಮೇಜಿಗೆ ಬರಲಿ. ಲಾಸ್ ಅಲಾಮೋಸ್‌ನ ನೆರೆಯವರಿಗೆ ವಾರಕ್ಕೊಮ್ಮೆ ಸಿಗುವ ಕಾಗದ ಮಾನ್‌ಖುರ್ದ್, ಚೆಂಬೂರಿನವರಿಗೆ ವರ್ಷಕ್ಕೊಮ್ಮೆಯಾದರೂ ಸಿಗಲಿ.