ಮೇಷ್ಟ್ರು ಹೊರಟರು, ತಡೆಯುವವರು ಯಾರು?

ಕಳೆದ ಬೇಸಿಗೆಯಲ್ಲಿ ಸರ್ಕಾರಿ ಕನ್ನಡ ಶಾಲೆಯ ಅತಿಥಿ ಶಿಕ್ಷಕರೊಬ್ಬರು ನಮ್ಮ ಪ್ರೆಸ್ಸಿಗೆ ಬಂದು, “ಪ್ರೂಫ್ ನೋಡೋ ಕೆಲಸ ಇದೆಯಾ ಸಾರ್?” ಎಂದರು. ಬಿ.ಎಡ್. ಮಾಡಿದವರು ಪಿಯುಸಿಯ ನನ್ನೆದುರು ಕೈಕಟ್ಟಿ ನಿಂತಿದ್ದರು.

ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ 2025ರಲ್ಲಿ 2,000 ರೂಪಾಯಿ ಏರಿಸಿದ ಮೇಲೆ ಗೊತ್ತಾದ ಗೌರವಧನ ತಿಂಗಳಿಗೆ 12,000. ಬೇಸಿಗೆ ರಜೆಗೆ ಅದೂ ಇಲ್ಲ. ಶಾಲೆ ತೆರೆದಾಗ ಮತ್ತೆ ಹೊಸದಾಗಿ ಅರ್ಜಿ. ಹೀಗಾದರೆ ಯಾವ ಮೇಷ್ಟ್ರು ಉಳಿದಾರು? ಕಲಿಸುವ ಆಸೆಯಿದ್ದೂ ಹೊಟ್ಟೆಪಾಡಿಗೆ ಹೊರಡುತ್ತಾರೆ.

ನಾಮಫಲಕದಲ್ಲಿ ಕನ್ನಡ ಬೇಕೆಂದು ಬೀದಿಗಿಳಿದ ತರುಣರೇ, ಅದನ್ನು ಓದಲು ಕಲಿಸುವವರಿಗಾಗಿಯೂ ಇಳಿಯಿರಿ. ಖಾಲಿ ಹುದ್ದೆಗಳಿಗೆ ಕಾಯಂ ಮೇಷ್ಟ್ರು ಬರಲಿ. ಅಲ್ಲಿಯವರೆಗೆ ಇವರಿಗೆ ಹನ್ನೆರಡು ತಿಂಗಳೂ ಸಂಬಳ ಸಿಗಲಿ. ಮೇಷ್ಟ್ರಿಲ್ಲದೆ ಕನ್ನಡ ಶಾಲೆಗೆ ಬೀಗ ಬಿದ್ದರೆ, ನಾನು ಅಚ್ಚು ಹಾಕುವ ಈ ಪತ್ರಿಕೆಯನ್ನು ನಾಳೆ ಓದುವವರು ಯಾರು?